ಬಸುರಿ ಚಿತ್ರದ ಮೇಲಿನ ಗೆರೆ

ಹೊರಗಿನಿಂದ ಚಿಲಕ ಬಿತ್ತು.

ಹೆರಿಗೆ ಕೋಣೆಯ ಬಾಗಿಲಿಗೆ ಹೊರಗೂ ಒಂದು ಚಿಲಕವಿದೆ ಎಂಬುದು ಹದಿನಾಲ್ಕು ವರ್ಷ ಅಲ್ಲಿ ಆಯಾ ಆಗಿ ದುಡಿದ ಮಲ್ಲಕ್ಕನಿಗೆ ಗೊತ್ತಿತ್ತು. ದಿನಾ ಸಂಜೆ ಅದನ್ನು ಹಾಕುತ್ತಿದ್ದವಳೇ ಅವಳು. ಒಳಗೆ ನಿಂತು ಆ ಸದ್ದು ಕೇಳಿದ್ದು ಮಾತ್ರ ಇದೇ ಮೊದಲು.

"ಹೊರಗೆ ಬರಬ್ಯಾಡ. ಆ ಹುಡುಗಿ ಊರಿನ ಜನ ಬರ್ತಾ ಅವ್ರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು," ಎಂದು ಕಂಪೌಂಡರ್ ಮಲ್ಲೇಶ್ ಬಾಗಿಲಾಚೆಯಿಂದ ಹೇಳಿದ. "ಅಷ್ಟರಲ್ಲಿ ಎಲ್ಲಾ ತೊಳೆದುಬಿಡು. ಒಂದು ಹನಿ ರಕ್ತ ಕಾಣಬಾರ್ದಂತೆ."

ಹನಿ ಎಲ್ಲಿತ್ತು? ಹೆರಿಗೆ ಮೇಜಿನಿಂದ ಹರಿದದ್ದು ಕೆಳಗಿಟ್ಟ ಬಕೆಟ್ಟು ತುಂಬಿ, ಉಕ್ಕಿ, ನೆಲದ ಇಳಿಜಾರು ಹಿಡಿದು, ಮೋರಿಯ ಜಾಲರಿಗೆ ಬಂದು ಗಡ್ಡೆ ಕಟ್ಟಿತ್ತು. ಮಲ್ಲಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲೂರಿದಳು. ಗಡ್ಡೆಗಳನ್ನು ಬೊಗಸೆಯಲ್ಲಿ ಬಾಚಿ ಬಕೆಟ್ಟಿಗೆ ಹಾಕಿದಳು. ಫಿನಾಯಿಲ್ ಸುರಿದಳು. ಬ್ರಷ್ಷು ಹಿಡಿದು ಉಜ್ಜಿದಳು. ಉಜ್ಜಿದಷ್ಟೂ ನೆಲ ಕೆಂಪಾಗಿಯೇ ನಗುತ್ತಿತ್ತು. ಬಲಗೈ ಉರಿಯುತ್ತಿತ್ತು. ಮುಂಗೈ ಮೇಲೆ ನಾಲ್ಕು ಉಗುರು ಆಳವಾಗಿ ಊರಿದ ಗುರುತು. ಫಿನಾಯಿಲ್ ನೀರು ಅದರೊಳಗೆ ಇಳಿಯುತ್ತಿತ್ತು.

ಆ ಉಗುರು ಶೋಭಾರಾಣಿಯದು. ಹಾಲುರಾಮೇಶ್ವರದ ಕಡೆಯ ಹಳ್ಳಿಯ ಹುಡುಗಿ. ಇಪ್ಪತ್ತನಾಲ್ಕು ವರ್ಷ, ಎರಡನೇ ಬಸುರಿ. ಒಂದು ಗಂಟೆ ಹಿಂದೆ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಚಿತ್ರದುರ್ಗಕ್ಕೆ ಅಟ್ಟಿದ್ದರು. ತಾಯಿ ಅನ್ನಪೂರ್ಣಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾರಿನ ಬಾಗಿಲು ಹಾಕುವಾಗ ಹುಡುಗಿಯ ತುಟಿ ಸುಣ್ಣದ ಹಾಗೆ ಬೆಳ್ಳಗಿತ್ತು.

ಏನಾಗಿದೆ ಎಂದು ಮಲ್ಲಕ್ಕನಿಗೆ ಗೊತ್ತಿತ್ತು. ಯಾಕಾಯಿತು ಎಂದೂ ಗೊತ್ತಿತ್ತು. ಮಾಡಿದ ಕೈ ಯಾವುದು ಎಂಬುದೂ ಗೊತ್ತಿತ್ತು. ಆ ಕೈಯಲ್ಲೇ ಈಗ ಬ್ರಷ್ಷು ಇತ್ತು.

ಮಲ್ಲಕ್ಕ ಹೊಸದುರ್ಗದ ಎ.ಕೆ. ಕಾಲೋನಿಯವಳು. ಗಂಡ ತೀರಿಹೋದ ವರ್ಷ ಈ ನರ್ಸಿಂಗ್ ಹೋಮಿಗೆ ಕಸ ಗುಡಿಸಲು ಬಂದಳು. ಗುಡಿಸುವುದರಿಂದ ಬಟ್ಟೆ ಒಗೆಯುವುದಕ್ಕೆ, ಒಗೆಯುವುದರಿಂದ ಬಸುರಿಯರ ಕಾಲು ಹಿಡಿದುಕೊಳ್ಳುವುದಕ್ಕೆ, ಅಲ್ಲಿಂದ ಕೂಸಿನ ತಲೆ ಹಿಡಿಯುವುದಕ್ಕೆ ಬಂದಳು. ಡಾಕ್ಟರ್ ಉಷಾ ಅವರ ಮನೆ ಮೇಲಿನ ಮಹಡಿಯಲ್ಲಿತ್ತು. ಆ ಮೆಟ್ಟಿಲನ್ನು ಮಲ್ಲಕ್ಕ ಹತ್ತಿದವಳಲ್ಲ. ಕಾಫಿ ಕೊಟ್ಟರೆ ಅವಳ ಲೋಟ ಬೇರೆ, ಅದು ಹಿತ್ತಲ ಕಿಟಕಿಯ ಮೇಲೆ ಬೋರಲಾಗಿ ಇರುತ್ತಿತ್ತು. ದೊಡ್ಡ ದೊಡ್ಡ ಮನೆತನದ ಹೆಣ್ಣುಮಕ್ಕಳ ಗರ್ಭದ ಬಾಯಿಗೆ ಅವಳ ಬೆರಳು ಹೋಗಬಹುದಿತ್ತು. ಅವರ ಬಾಯಿಗೆ ನೀರು ಬಿಡಲು ಮಾತ್ರ ಬೇರೆ ಯಾರಾದರೂ ಬರಬೇಕಿತ್ತು.

ಹೆರಿಗೆ ನೋವು ಬರಿಸುವ ಮಾತ್ರೆ ಬಂದದ್ದು ನಾಲ್ಕು ವರ್ಷದ ಹಿಂದೆ. ಬಿಳಿಯದು, ಸಣ್ಣದು. ಮೊದಮೊದಲು ಡಾಕ್ಟರೇ ಇಡುತ್ತಿದ್ದರು. ಆಮೇಲೆ, "ಲೇ ಮಲ್ಲಿ, ನಿನ್ನ ಬೆರಳು ಉದ್ದ ಐತೆ, ನೀನೇ ಇಡು," ಎಂದರು. ಒಂದು ಮಾತ್ರೆಯನ್ನು ಬ್ಲೇಡಿನಿಂದ ನಾಲ್ಕು ಚೂರು ಮಾಡಬೇಕು. ಒಂದು ಚೂರನ್ನು ಒಳಗೆ, ಗರ್ಭದ ಬಾಯಿಯ ಹಿಂದೆ ಇಡಬೇಕು. ಮಲ್ಲಕ್ಕ ಸ್ಟೀಲ್ ಟ್ರೇ ಬೋರಲು ಹಾಕಿ ಅದರ ಬೆನ್ನ ಮೇಲೆ ಕುಯ್ಯುತ್ತಿದ್ದಳು. ಕಡಲೆಬೇಳೆಯಷ್ಟು ಗಾತ್ರದ ಮಾತ್ರೆ ನಾಲ್ಕು ಸಮಪಾಲಾಗಿ ಎಲ್ಲಿ ಒಡೆಯುತ್ತದೆ? ಒಂದು ಚೂರು ದಪ್ಪ, ಒಂದು ತೆಳು, ಒಂದು ಬರೀ ಪುಡಿ. ದಪ್ಪ ಚೂರು ಬಿದ್ದವಳು ಬೇಗ ಹೆತ್ತಳು. ಪುಡಿ ಬಿದ್ದವಳು ರಾತ್ರಿಯಿಡೀ ನರಳಿದಳು. ಕೇಸ್ ಶೀಟಿನಲ್ಲಿ ಈ ಮಾತ್ರೆಯ ಹೆಸರು ಬರೆಯುತ್ತಿರಲಿಲ್ಲ. ಡ್ರಿಪ್ ಹಾಕಿದೆ ಎಂದಷ್ಟೇ ಬರೆಯುತ್ತಿದ್ದರು.

ಮಾತ್ರೆ ಕೆಟ್ಟದ್ದು ಎಂದು ಮಲ್ಲಕ್ಕ ಯಾವತ್ತೂ ಅನ್ನಲಿಲ್ಲ. ಹೆತ್ತ ಮೇಲೆ ರಕ್ತ ನಿಲ್ಲದೆ ಕಣ್ಣು ಮೇಲೆ ಮಾಡಿದ್ದ ಒಬ್ಬಳಿಗೆ ಡಾಕ್ಟರು ಇದೇ ಮಾತ್ರೆ ನಾಲ್ಕು ಗುದದ್ವಾರದಲ್ಲಿ ಇಟ್ಟು, ಹೊಟ್ಟೆ ಒತ್ತಿ ಹಿಡಿದು, ಅರ್ಧ ಗಂಟೆಯಲ್ಲಿ ಜೀವ ಉಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸಡಿಲವಾಗಿದ್ದ ಗರ್ಭಕೋಶ ಕೈಕೆಳಗೇ ಬಿಗಿದು ತೆಂಗಿನಕಾಯಿ ಹಾಗೆ ಗಟ್ಟಿಯಾಗಿತ್ತು. ಆ ಹೆಂಗಸು ಆಮೇಲೆ ಕೂಸಿಗೆ ಹಾಲೂಡಿಸುತ್ತಾ ಮಲ್ಲಕ್ಕನನ್ನು ನೋಡಿ ನಕ್ಕಿದ್ದಳು.

ಮಾತ್ರೆಯ ಖಾಲಿ ರಟ್ಟಿನ ಡಬ್ಬಿಯೊಂದನ್ನು ಮಲ್ಲಕ್ಕ ಅಡಿಕೆ ಚೂರು ಹಾಕಿಕೊಳ್ಳಲು ಎತ್ತಿಟ್ಟುಕೊಂಡಿದ್ದಳು. ಅದು ಸದಾ ಸೊಂಟದಲ್ಲಿ, ಎಲೆಯಡಿಕೆ ಚೀಲದೊಳಗೆ ಇರುತ್ತಿತ್ತು. ಡಬ್ಬಿಯ ಮೇಲೆ ಒಂದು ಚಿತ್ರ. ಹೊಟ್ಟೆ ಮುಂದೆ ಬಂದ ಬಸುರಿ ಹೆಂಗಸು. ಅವಳ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ. ಅಕ್ಷರ ಬಾರದ ಮಲ್ಲಕ್ಕ ಅದನ್ನು ತನ್ನ ಬುದ್ಧಿಗೆ ತಿಳಿದಂತೆ ಓದಿಕೊಂಡಿದ್ದಳು. ಹೊಟ್ಟೆ ಅಳಿಸುವ ಗೆರೆ. ಅಂದರೆ ಹೊಟ್ಟೆ ಇಳಿಯುತ್ತದೆ, ಹೆರಿಗೆ ಆಗುತ್ತದೆ. ಬಸುರಿಯರ ಮಾತ್ರೆ. ಬೇರೆ ಹೇಗೆ ಓದಿಯಾಳು? ಮಾತ್ರೆ ಇಟ್ಟಾಗಲೆಲ್ಲ ಹೊಟ್ಟೆ ಇಳಿದೇ ಇತ್ತಲ್ಲ.

ಮಗಳು ಅನುಸೂಯ ಚಿತ್ರದುರ್ಗದಲ್ಲಿ ನರ್ಸ್ ತರಬೇತಿಗೆ ಸೇರಿದ್ದಳು. ಸೇರಿಸಲು ಡಾಕ್ಟರ ಶಿಫಾರಸು ಪತ್ರವೇ ಕೆಲಸ ಮಾಡಿತ್ತು. ಯುಗಾದಿಗೆ ಬಂದವಳು ತಾಯಿಯ ಅಡಿಕೆ ಡಬ್ಬಿ ಕೈಗೆತ್ತಿಕೊಂಡು ಬೆಚ್ಚಿದಳು.

"ಅವ್ವಾ, ಇದು ಎಲ್ಲಿತ್ತು?"

"ನಮ್ಮ ಆಸ್ಪತ್ರೇದು. ಬಸುರೇರಿಗೆ ಇಡೋದು. ನೋಡಲ್ಲಿ, ಚಿತ್ರನೇ ಐತಲ್ಲ."

"ಗೆರೆ ಹೊಡೆದಿರೋದು ಬ್ಯಾಡ ಅಂತ ಕಣವ್ವ! ಬಸುರೇರು ನುಂಗಬಾರ್ದು ಅಂತ. ಇದು ಹೊಟ್ಟೆ ಹುಣ್ಣಿನ ಮಾತ್ರೆ. ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಸುಟ್ಕಂಡೋರಿಗೆ ಕೊಡೋದು. ಗರ್ಭಕೋಶನೂ ಹಿಂಡ್ತತೆ. ಅದಕ್ಕೆ ಡಾಕ್ಟ್ರು ಅಳತೆ ಮಾಡಿ, ಪಕ್ಕದಲ್ಲೇ ಕುಂತು ನೋಡ್ಕಂಡು, ಹೆರಿಗೆಗೂ ಇಡ್ತಾರಂತೆ. ಆದ್ರೆ ಹಿಂದೆ ಹೊಟ್ಟೆ ಕುಯ್ದು ಮಗು ತೆಗ್ದಿರೋರಿಗೆ ಇಡಂಗೇ ಇಲ್ಲ. ಹಿಂಡೋ ರಭಸಕ್ಕೆ ಹಳೇ ಹೊಲಿಗೆ ಬಿಟ್ಕಂತತೆ."

ಮಲ್ಲಕ್ಕನಿಗೆ ಅದು ಥಟ್ಟನೆ ತಿಳಿಯಿತು. ಹಳೇ ಗೋಣಿಚೀಲ ತುಂಬುವಾಗ ಮೊದಲು ಹರಿಯುವುದು ಹೊಲಿಗೆಯಲ್ಲೇ.

ಮಾರನೇ ದಿನ ಡಾಕ್ಟರನ್ನು ಕೇಳಿದಳು. "ಅಮ್ಮಾರೆ, ಡಬ್ಬಿ ಮೇಲಿರೋ ಗೆರೆ ಬ್ಯಾಡ ಅಂತಂತೆ?"

ಡಾಕ್ಟರು ನಕ್ಕರು. "ಅದು ಹೊಟ್ಟೆ ಹುಣ್ಣಿನೋರಿಗೆ ಬರೆದಿರೋದು ಕಣೆ. ನಿನಗ್ಯಾಕೆ ಆ ಪುರಾಣ? ಬಟ್ಟೆ ಒಗೆದ್ಯಾ?"

ಬಟ್ಟೆ ಒಗೆದಳು. ಮಾತ್ರೆ ಇಡುವುದನ್ನೂ ಮುಂದುವರಿಸಿದಳು. ಗೆರೆಯ ಅರ್ಥ ಗೊತ್ತಾದ ಮೇಲೂ ಇಟ್ಟಳು. ಈಗ ಇರುವುದು ಆಸ್ಪತ್ರೆ ಹಿಂದೆ, ಅವರೇ ಕೊಟ್ಟ ಶೀಟಿನ ಕೊಠಡಿಯಲ್ಲಿ. ಮಗಳು ಓದುತ್ತಿರುವುದು ಡಾಕ್ಟರ ಕೈಯಿಂದ ಬಂದ ಒಂದು ಪತ್ರದ ಮೇಲೆ. ಬೇಡ ಎನ್ನುವುದು ಚಿತ್ರಕ್ಕೆ ಸುಲಭ. ಮಲ್ಲಕ್ಕನಿಗೆ ಅಲ್ಲ.

ಹಾಗೆ ಬಂದದ್ದು ಇವತ್ತಿನ ಬೆಳಗು.

ಆರೂವರೆಗೆ ಶೋಭಾರಾಣಿಯನ್ನು ಕರೆತಂದರು. ಸಣ್ಣಗೆ ನೋವು ಶುರುವಾಗಿತ್ತು. ಕ್ಷೌರ ಮಾಡಲು ಸೀರೆ ಸರಿಸಿದಾಗ ಮಲ್ಲಕ್ಕನ ಕೈ ನಿಂತಿತು. ಹೊಕ್ಕಳ ಕೆಳಗೆ ಗೇಣುದ್ದ ಕುಯ್ದ ಗುರುತು, ಮಾಗಿ ಹೊಳೆಯುವ ಕಲೆ.

"ಮೊದಲನೇದು ದಾವಣಗೆರೇಲಿ ಕುಯ್ದು ತೆಗ್ದಿದ್ದು," ಎಂದಳು ಅನ್ನಪೂರ್ಣಮ್ಮ ಬಾಗಿಲ ಬಳಿ ನಿಂತು. ಆಮೇಲೆ, "ನೀವು ಯಾವ ಪೈಕಿ?" ಎಂದು ಕೇಳಿದಳು. ಮಲ್ಲಕ್ಕ ಹೇಳಿದಳು. ಅನ್ನಪೂರ್ಣಮ್ಮ ಸೆರಗು ಎಳೆದುಕೊಂಡು, "ಬಿಸಿನೀರು ಅಲ್ಲೇ ಹೊಸ್ತಿಲ ಹತ್ರ ಇಡವ್ವ, ನಾನು ತಗಂತೀನಿ," ಎಂದಳು.

ಇದೇನು ಹೊಸತಲ್ಲ. ಮಲ್ಲಕ್ಕ ಹೊಸ್ತಿಲ ಹತ್ತಿರ ಇಟ್ಟಳು.

ಡಾಕ್ಟರು ಬಂದು ನೋಡಿದರು. ಇವತ್ತು ಹಿರಿಯೂರಿನಲ್ಲಿ ಅವರ ತಮ್ಮನ ನಿಶ್ಚಿತಾರ್ಥ. ಹನ್ನೆರಡರೊಳಗೆ ಹೊರಡಬೇಕು. ಆಪರೇಷನ್ ಎಂದರೆ ಅರಿವಳಿಕೆ ಕೊಡುವ ಡಾಕ್ಟರು ಚಿತ್ರದುರ್ಗದಿಂದ ಬರಬೇಕು, ಅವರು ಬರುವುದು ಮಂಗಳವಾರ, ಶುಕ್ರವಾರ. ಇವತ್ತು ಗುರುವಾರ. ಹುಡುಗಿಯ ಕಡೆಯವರಿಗೂ ಮತ್ತೆ ಹೊಟ್ಟೆ ಕುಯ್ಯಿಸುವ ಮನಸ್ಸಿರಲಿಲ್ಲ.

"ಅರ್ಧ ಇಡು," ಎಂದರು ಡಾಕ್ಟರು. "ಒಂದೂವರೆ ಗಂಟೆಗೊಂದು ಸಲ. ಮಧ್ಯಾಹ್ನದೊಳಗೆ ಆಗ್ತತೆ."

"ಅಮ್ಮಾರೆ, ಹೊಟ್ಟೆ ಮೇಲೆ ಹಳೇ ಹೊಲಿಗೆ ಐತೆ."

"ನೋಡಿದೀನಿ."

"ಹೊಲಿಗೆ ಬಿಟ್ಕಂತತೆ ಅಂತ ನಮ್ಮ ಅನುಸೂಯ..."

"ಡಾಕ್ಟ್ರು ನಿನ್ನ ಮಗಳಾ, ನಾನಾ? ಹೇಳು ಹಂಗಾರೆ, ಅವಳನ್ನೇ ಇಲ್ಲಿ ಕುಂಡ್ರಿಸ್ತೀನಿ."

ಮಲ್ಲೇಶ್ ಹಲ್ಲು ಕಿರಿದ. ಮಲ್ಲಕ್ಕ ಟ್ರೇ ಬೋರಲು ಹಾಕಿದಳು.

ಏಳು ಗಂಟೆಗೆ ಅರ್ಧ. ಎಂಟೂವರೆಗೆ ಅರ್ಧ. ಒಂಬತ್ತೂವರೆಗೆ ಹುಡುಗಿಗೆ ಚಳಿ ಹತ್ತಿತು, ಹಲ್ಲು ಕಟಕಟಿಸಿತು, ಮೈ ಕಾದಿತು, ಭೇದಿಯಾಯಿತು. ಮಲ್ಲಕ್ಕ ಬಾಚಿದಳು, ಒರೆಸಿದಳು, ಬಟ್ಟೆ ಬದಲಿಸಿದಳು. ನೋವು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಬಂತು. ನಡುವೆ ಉಸಿರಿಗೂ ಬಿಡುವಿಲ್ಲ. ಹೊಟ್ಟೆ ಕಲ್ಲಾಗಿತ್ತು. ಶೋಭಾರಾಣಿ ಮಲ್ಲಕ್ಕನ ಮುಂಗೈ ಹಿಡಿದವಳು ಬಿಡಲೇ ಇಲ್ಲ. ಸೆರಗು ಎಳೆದುಕೊಂಡಿದ್ದ ಅನ್ನಪೂರ್ಣಮ್ಮ ಒಳಗೆ ಬಂದು ಮಲ್ಲಕ್ಕನ ಭುಜಕ್ಕೆ ಆತುಕೊಂಡು ನಿಂತಿದ್ದಳು. "ನನ್ನ ಮಗಳ ಕೈ ಬಿಡಬ್ಯಾಡ ಕಣವ್ವ, ನಿನ್ನ ಕಾಲಿಗೆ ಬೀಳ್ತೀನಿ."

ಹತ್ತು ಗಂಟೆಗೆ ಮೂರನೇ ಚೂರು. ಮಲ್ಲಕ್ಕ ಅದನ್ನು ಅಂಗೈಯಲ್ಲಿ ಹಿಡಿದು ಮೋರಿಯ ಜಾಲರಿ ನೋಡಿದಳು. ಬೆರಳು ಸಡಿಲ ಬಿಟ್ಟರೆ ಸಾಕು, ಚೂರು ಮೋರಿಗೆ ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

"ಏನ್ ನೋಡ್ತೀಯ? ಇಡು. ಮೇಲೆ ಅಮ್ಮಾರು ಟೈಮ್ ಕೇಳ್ತಾ ಅವ್ರೆ," ಎಂದ ಮಲ್ಲೇಶ್ ಬಾಗಿಲಲ್ಲಿ ನಿಂತು.

ಇಟ್ಟಳು.

ಹನ್ನೊಂದು ಗಂಟೆಗೆ ಶೋಭಾರಾಣಿ ಒಮ್ಮೆ ಕಿರುಚಿದಳು. ಆಮೇಲೆ ನೋವು ನಿಂತೇ ಹೋಯಿತು.

"ನೋವು ನಿಂತೋಯ್ತು ಕಣವ್ವ, ಸುಧಾರಿಸ್ಕಂತಾ ಅವಳೆ ನನ್ನ ಮಗಳು," ಎಂದು ಅನ್ನಪೂರ್ಣಮ್ಮ ಕಣ್ಣೊರೆಸಿಕೊಂಡಳು.

ಮಲ್ಲಕ್ಕ ಹೊಟ್ಟೆಯ ಮೇಲೆ ಕೈಯಿಟ್ಟಳು. ಗುಂಡಗಿದ್ದ ಹೊಟ್ಟೆ ಓರೆಯಾಗಿತ್ತು. ಚರ್ಮದ ಕೆಳಗೇ ಕೂಸಿನ ಕಾಲು ಕೈಗೆ ಸಿಕ್ಕಿತು. ಕಾಲು ಅಲುಗಲಿಲ್ಲ. ಒಳಗೆ ಹಳೇ ಹೊಲಿಗೆ ಬಿಟ್ಟಿತ್ತು, ಕೆಳಗೆ ರಕ್ತ ಬಕೆಟ್ಟಿಗೆ ಹರಿಯತೊಡಗಿತ್ತು.

ಡಾಕ್ಟರು ರೇಷ್ಮೆ ಸೀರೆಯಲ್ಲಿ ಓಡಿ ಬಂದರು. ನೆರಿಗೆಗೆ ರಕ್ತ ತಾಗದಂತೆ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಮುಟ್ಟಿ ನೋಡಿದರು. ಮುಖದ ಪೌಡರ್ ಕೆಳಗೆ ಬಣ್ಣ ಹೋಯಿತು. "ಕಾರು ತೆಗೀರಿ. ದುರ್ಗಕ್ಕೆ. ಬೇಗ," ಎಂದರು. ಅಷ್ಟೇ. ಆಮೇಲೆ ಮೆಟ್ಟಿಲು ಹತ್ತಿ ಹೋದವರು ಕೆಳಗೆ ಬರಲಿಲ್ಲ.

ನೆಲ ತೊಳೆದು ಮುಗಿಯುವ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು. ಡಾಕ್ಟರ ಗಂಡ ಶಿವಕುಮಾರಪ್ಪ ಒಳಗೆ ಬಂದರು. ಕೊಬ್ಬರಿ ಮಂಡಿಯ ಜೊತೆಗೆ ಈ ಆಸ್ಪತ್ರೆಯ ಆಡಳಿತವೂ ಅವರದೇ. ಹಿಂದೆ ಮಲ್ಲೇಶ್, ಕೈಯಲ್ಲಿ ಹಾಳೆ, ಹೆಬ್ಬೆಟ್ಟಿನ ಮಸಿಯ ಡಬ್ಬಿ. ಇನ್ನೊಂದು ಕೈಯಲ್ಲಿ ಕಾಫಿ. ಬೋರಲು ಲೋಟದಲ್ಲಲ್ಲ, ಮಹಡಿಯ ಪಿಂಗಾಣಿ ಕಪ್ಪಿನಲ್ಲಿ.

"ಕುಂತ್ಕ ಮಲ್ಲಕ್ಕ," ಎಂದು ಶಿವಕುಮಾರಪ್ಪ ಡಾಕ್ಟರ ಸ್ಟೂಲು ಎಳೆದುಕೊಟ್ಟರು.

ಹದಿನಾಲ್ಕು ವರ್ಷ ಲೇ ಮಲ್ಲಿ ಆಗಿದ್ದವಳು ಒಂದೇ ಮಧ್ಯಾಹ್ನದಲ್ಲಿ ಮಲ್ಲಕ್ಕ ಆಗಿದ್ದಳು. ಚಾಚಿದ ಕಪ್ಪನ್ನು ಅವಳು ಮುಟ್ಟಲಿಲ್ಲ, ಮಲ್ಲೇಶ್ ಅದನ್ನು ಮೇಜಿನ ಮೇಲಿಟ್ಟ.

"ಆ ಹುಡುಗಿ ಹೆಂಗೈತೆ ಸಾವ್ಕಾರ್ರೆ?"

ಶಿವಕುಮಾರಪ್ಪ ಮಲ್ಲೇಶನ ಮುಖ ನೋಡಿದರು. ಮಲ್ಲೇಶ್ ನೆಲ ನೋಡಿಕೊಂಡು ಹೇಳಿದ: "ಹೊಳಲ್ಕೆರೆ ಗೇಟಿನ ಹತ್ರ ಹೋಯ್ತಂತೆ ಜೀವ. ರೈಲು ಬರ್ತಿತ್ತಂತೆ. ಗೇಟು ಹಾಕಿದ್ರಂತೆ. ವಾಪಸ್ ತರ್ತಾ ಅವ್ರೆ."

ಮಲ್ಲಕ್ಕ ಕೂರಲಿಲ್ಲ. ಮುಂಗೈಯ ಗಾಯ ಹಿಡಿದುಕೊಂಡು ನಿಂತಳು.

"ನೋಡು, ಆಗಿದ್ದು ಆಗೋಯ್ತು," ಎಂದರು ಶಿವಕುಮಾರಪ್ಪ. "ಡಾಕ್ಟ್ರು ತಪ್ಪು ಅಂದ್ರೆ ಈ ಕಟ್ಟಡಕ್ಕೆ ಬೆಂಕಿ ಇಡ್ತಾರೆ. ಆಯಾ ತಪ್ಪು ಅಂದ್ರೆ ನಾಲ್ಕು ಬೈದು ಹೋಗ್ತಾರೆ. ಓದಿಲ್ಲ, ತಿಳೀದೆ ಮಾಡಿದ್ಲು ಅಂತಾರೆ. ಪೋಲೀಸ್ನೋರಿಗೆ ನಾನು ಹೇಳ್ಕಂತೀನಿ. ಓದು ಮಲ್ಲೇಶ."

ಮಲ್ಲೇಶ್ ಓದಿದ. "ಆಯಾ ಮಲ್ಲಕ್ಕ ಎಂಬ ನಾನು, ಡಾಕ್ಟರ ಗಮನಕ್ಕೆ ತಾರದೆ, ರೋಗಿಯ ತಾಯಿ ಅನ್ನಪೂರ್ಣಮ್ಮನವರ ಒತ್ತಾಯದ ಮೇರೆಗೆ, ಬೇಗ ಹೆರಿಗೆಯಾಗಲೆಂದು ನಾಟಿ ಔಷಧಿಯನ್ನು ಒಳಗೆ ಇಟ್ಟಿರುತ್ತೇನೆ. ಇದನ್ನು ಯಾರ ಬಲವಂತವೂ ಇಲ್ಲದೆ ಒಪ್ಪಿರುತ್ತೇನೆ."

"ನಾಟಿ ಔಷಧಿ," ಎಂದಳು ಮಲ್ಲಕ್ಕ. "ಯಾವ ಗಿಡದ್ದು ಸಾವ್ಕಾರ್ರೆ?"

"ಹಂಗಂದ್ರೆ?"

"ನಾಳೆ ಯಾರಾನ ಕೇಳಿದ್ರೆ ಹೇಳ್ಬೇಕಲ್ಲ. ಬೇರಾ, ಸೊಪ್ಪಾ, ತೊಗಟೆನಾ?"

"ಅಧಿಕಪ್ರಸಂಗ ಮಾಡಬ್ಯಾಡ," ಎಂದ ಮಲ್ಲೇಶ್.

"ಇದರಾಗೆ ಆ ತಾಯಿ ಹೆಸರು ಯಾಕೆ ಬಂತು?"

"ತಪ್ಪು ಇಬ್ಬರ ಮೇಲೂ ಇರ್ಲಿ ಅಂತ," ಎಂದರು ಶಿವಕುಮಾರಪ್ಪ. "ಮಗಳ ಸಾವಿಗೆ ತಾನೂ ಕಾರಣ ಅಂದ್ರೆ ಆ ಯಮ್ಮ ಬಾಯಿ ಮುಚ್ಕಂಡು ಹೋಗ್ತತೆ."

ಬಹಳ ಸಮಾಧಾನದಿಂದ ಹೇಳಿದರು. ಕೊಬ್ಬರಿಯ ಚೀಲ ಯಾವ ಲಾರಿಗೆ ಏರಬೇಕು ಎಂದು ಹೇಳುವ ಹಾಗೆ.

ಮಲ್ಲಕ್ಕನಿಗೆ ಭುಜದ ಮೇಲೆ ಇನ್ನೂ ಆ ಹೆಂಗಸಿನ ಭಾರ ಇತ್ತು. ಮಗಳ ಹೆಣದ ಜೊತೆ ಬರುತ್ತಿರುವವಳು. ಅವಳ ತಲೆಯ ಮೇಲೆ ಮಗಳ ಕೊಲೆಯನ್ನೂ ಹೊರಿಸಲು ಇವರಿಗೆ ಮಲ್ಲಕ್ಕನ ಹೆಬ್ಬೆಟ್ಟು ಬೇಕಿತ್ತು.

"ಅನುಸೂಯಂಗೆ ಇನ್ನು ಆರು ತಿಂಗಳು ಐತೆ ಅಲ್ವಾ?" ಎಂದರು ಶಿವಕುಮಾರಪ್ಪ. "ಮುಗೀಲಿ. ಇಲ್ಲೇ ನರ್ಸ್ ಮಾಡ್ಕಂತೀವಿ. ಮುಗೀದಂಗೆ ಮಾಡೋದು ನಮಗೆ ಒಂದು ಫೋನಿನ ಕೆಲಸ. ನೀನು ತಿಳಿದೋಳು."

ತಿಳಿದವಳೇ. ಅದೇ ಕಷ್ಟ. ಒಪ್ಪಿದರೆ ತಾನು ಕೊಲೆಗಾರ್ತಿ. ಒಪ್ಪದಿದ್ದರೂ ಮಾತ್ರೆ ಇಟ್ಟ ಕೈ ತನ್ನದೇ. ಮಗಳ ಓದು, ತಲೆಯ ಮೇಲಿನ ಶೀಟು, ನಾಳೆಯ ಅನ್ನ ಎಲ್ಲ ಆ ಮಸಿಯ ಡಬ್ಬಿಯೊಳಗೆ ಇತ್ತು. ಮಲ್ಲೇಶ್ ಅವಳ ಕೈ ಹಿಡಿದು ಹೆಬ್ಬೆಟ್ಟನ್ನು ಮಸಿಗೆ ಒತ್ತಿದ. ಅವನ ಬೆರಳು ಉಗುರಿನ ಗಾಯದ ಮೇಲೆ ಬಿತ್ತು. ಹುಡುಗಿ ಮತ್ತೊಮ್ಮೆ ಹಿಡಿದುಕೊಂಡ ಹಾಗಾಯಿತು.

"ಬಿಡು. ನಾನೇ ಒತ್ತುತೀನಿ," ಎಂದಳು ಮಲ್ಲಕ್ಕ.

ಅವನು ಬಿಟ್ಟ. ಹಾಳೆ ಹೆರಿಗೆ ಮೇಜಿನ ಮೇಲಿತ್ತು. ಮಲ್ಲಕ್ಕ ಹಾಳೆಯ ಮೇಲಿನ ಮೂಲೆಯಲ್ಲಿ ಹೆಬ್ಬೆಟ್ಟು ಊರಿದಳು. ಎತ್ತಲಿಲ್ಲ. ಅಲ್ಲಿಂದ ಕೆಳಗಿನ ಮೂಲೆಯವರೆಗೆ, ಬರೆದದ್ದೆಲ್ಲದರ ಮೇಲೆ, ಒತ್ತಿ ಎಳೆದಳು. ದಪ್ಪ, ಓರೆ, ಕಪ್ಪು ಗೆರೆ.

"ಏನೇ ಮಾಡ್ದೆ!"

"ನಂಗೆ ಬರೋ ಅಕ್ಷರ ಇದೊಂದೇ ಸಾವ್ಕಾರ್ರೆ. ಬ್ಯಾಡ ಅಂತ."

ಕಪಾಳಕ್ಕೆ ಶಿವಕುಮಾರಪ್ಪನವರ ಏಟು ಬಿತ್ತು. ಪಿಂಗಾಣಿ ಕಪ್ಪು ಬಿದ್ದು ಒಡೆಯಿತು. ತೊಳೆದ ನೆಲದ ಮೇಲೆ ಕಾಫಿ ಮೋರಿಯ ಕಡೆಗೆ ಹರಿಯಿತು.

"ಇನ್ನೊಂದು ಹಾಳೆ ಬರಿ. ಹತ್ತು ಬರಿ. ಒತ್ತೋವರೆಗೂ ಇಲ್ಲೇ ಬಿದ್ದಿರ್ಲಿ," ಎಂದು ಶಿವಕುಮಾರಪ್ಪ ಮಲ್ಲೇಶನೊಂದಿಗೆ ಹೊರಗೆ ಹೋದರು. ಮತ್ತೆ ಚಿಲಕ ಬಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ಮುಂದೆ ಕಾರು ಬಂದು ನಿಂತ ಸದ್ದು. ಹಿಂದೆಯೇ ಒಂದು ಟೆಂಪೋ. ಜನ ಇಳಿಯುತ್ತಿದ್ದರು. ಆಮೇಲೆ ಅನ್ನಪೂರ್ಣಮ್ಮನ ದನಿ. ಅಳುವೂ ಅಲ್ಲ, ಮಾತೂ ಅಲ್ಲ. ಅದರ ನಡುವೆ ಶಿವಕುಮಾರಪ್ಪನವರ ದೊಡ್ಡ ದನಿ: "ಆಯಾ ಏನೋ ನಾಟಿ ಔಷಧಿ ಇಟ್ಟವಳೆ. ನಮಗೂ ಈಗ್ಲೇ ಗೊತ್ತಾಗಿದ್ದು. ನಾನೇ ಕೂಡಿ ಹಾಕಿದೀನಿ."

ಗುಂಪು ಗುರುಗುಟ್ಟಿತು. ಯಾರೋ, "ಎಲ್ಲವಳೆ ಅವಳು?" ಎಂದು ಕೂಗಿದರು.

ಸುಮ್ಮನಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಸಂಜೆಗೆ ಪೋಲೀಸರು ಬಂದು ಕರೆದೊಯ್ಯುತ್ತಾರೆ, ಪೆಟ್ಟು ತಪ್ಪುತ್ತದೆ. ಮಲ್ಲಕ್ಕ ಅದನ್ನೂ ಯೋಚಿಸಿದಳು. ಬಸುರಿಯರು ಮೇಜು ಹತ್ತಲು ಇಟ್ಟಿದ್ದ ಮೆಟ್ಟಿಲು ಸ್ಟೂಲನ್ನು ಗೋಡೆಗೆ ಎಳೆದಳು. ಹತ್ತಿದಳು. ಒಳಗಿನದು ಹೊರಗೆ ಕಾಣದಂತೆ ಸುಣ್ಣ ಬಳಿದಿದ್ದ ಸಣ್ಣ ಕಿಟಕಿಯ ಗಾಜನ್ನು ಟ್ರೇಯಿಂದ ಹೊಡೆದಳು. ಗಾಜು ಹೊರಗೆ ಉದುರಿತು. ಜನ ತಿರುಗಿ ನೋಡಿದರು.

"ಅನ್ನಪೂರ್ಣಮ್ಮಾರೆ! ನಾನು ಮಲ್ಲಕ್ಕ!" ಎಂದು ಕೂಗಿದಳು. "ನಿಮ್ಮ ಮಗಳಿಗೆ ಇಟ್ಟ ಕೈ ನಂದೇ. ನಾಟಿ ಔಷಧಿ ಅಲ್ಲ ಅದು. ಅರ್ಧರ್ಧ ಮಾತ್ರೆ, ಮೂರು ಸಲ. ಹಳೇ ಹೊಲಿಗೆ ಐತೆ ಅಂತ ನಾನು ಹೇಳ್ದೆ. ಇಡು ಅಂದೋರು ಮಹಡಿ ಮೇಲೆ ಅವ್ರೆ. ಬ್ಯಾಡ ಅಂತ ಗೊತ್ತಿದ್ದೂ ಇಟ್ಟಿದ್ದು ನಾನು."

ಸೊಂಟದ ಚೀಲದಿಂದ ಡಬ್ಬಿ ತೆಗೆದು ಒಡೆದ ಕಿಟಕಿಯಿಂದ ಎಸೆದಳು. ಅಡಿಕೆ ಚೂರು ಗಾಳಿಯಲ್ಲಿ ಚೆದುರಿ ಬಿದ್ದವು.

"ಓದು ಬರೋರು ಓದ್ರಿ. ಬರದೋರು ಚಿತ್ರ ನೋಡ್ರಿ."

ಅನ್ನಪೂರ್ಣಮ್ಮ ಬಗ್ಗಿ ಡಬ್ಬಿ ಎತ್ತಿಕೊಂಡದ್ದು ಮಲ್ಲಕ್ಕನಿಗೆ ಕಂಡಿತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಸುರಿಯ ಹೊಟ್ಟೆಯ ಮೇಲೆ, ಕೆಂಪು ಗೆರೆಯ ಉದ್ದಕ್ಕೂ, ಬೆರಳು ಎಳೆದಳು. ಆಮೇಲೆ ತಲೆ ಎತ್ತಿ ಮಹಡಿ ನೋಡಿದಳು. ಆಮೇಲೆ ಕಿಟಕಿ ನೋಡಿದಳು. ಅವಳ ಮುಖದಲ್ಲಿ ಏನಿದೆ ಎಂದು ಮಲ್ಲಕ್ಕನಿಗೆ ಓದಲು ಬರಲಿಲ್ಲ.

ಜನ ಒಳಗೆ ನುಗ್ಗಿದ ಸದ್ದಾಯಿತು. ಕೆಲವು ಹೆಜ್ಜೆ ಮೆಟ್ಟಿಲು ಹತ್ತಿದವು. ಕೆಲವು ಹೆಜ್ಜೆ ಹೆರಿಗೆ ಕೋಣೆಯ ಕಡೆಗೆ ಬಂದವು.

ಮಲ್ಲಕ್ಕ ಸ್ಟೂಲಿನಿಂದ ಇಳಿದಳು. ಮಸಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಬಾಗಿಲಿಗೆ ಎದುರಾಗಿ ನಿಂತಳು.

ಹೊರಗಿನಿಂದ ಯಾರೋ ಚಿಲಕ ತೆಗೆಯುತ್ತಿದ್ದರು.